ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸುವುದು: ಕೊಡಗಿನಲ್ಲಿ ಮೊದಲ ಸಲ ಮಾಡುವವರಿಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಎಲ್ಲ ಕೋಳಿಗಳೂ ಹೊರಗೆ ಓಡುತ್ತವೆ. ಒಂದು ಹೇಂಟೆ ಮಾತ್ರ ಮೂಲೆಯಲ್ಲೇ ಕೂತಿದೆ. ಕೈ ಹಾಕಿದರೆ ಗರಿಯೆಲ್ಲ ಉಬ್ಬಿಸಿಕೊಂಡು ಗುರುಗುಡುತ್ತದೆ, ಕುಕ್ಕಲು ಬರುತ್ತದೆ. ಎತ್ತಿ ಹೊರಗೆ ಬಿಟ್ಟರೆ ಎರಡು ಕಾಳು ತಿಂದು ಮತ್ತೆ ಅದೇ ಮೂಲೆಗೆ ಓಡುತ್ತದೆ. ಖಾಯಿಲೆ ಬಂತೇನೋ ಅಂತ ಹೆದರಬೇಡಿ. ಅದಕ್ಕೆ ಕಾವು ಬಂದಿದೆ.

ಇಂಥ ಒಂದು ಹೇಂಟೆ, ಹತ್ತು ಒಳ್ಳೆ ಮೊಟ್ಟೆ, ಒಂದು ಬುಟ್ಟಿ ಇದ್ದರೆ 21 ದಿನಕ್ಕೆ ಮರಿ ಬರುತ್ತವೆ. ಮಷಿನ್ ಬೇಡ, ಕರೆಂಟ್ ಬೇಡ. ಮೊಟ್ಟೆಗೆ ಬೇಕಾದ ಮೂವತ್ತೇಳೂವರೆ ಡಿಗ್ರಿ ಶಾಖವನ್ನು ಹೇಂಟೆಯ ಹೊಟ್ಟೆಯ ಬರಿ ಚರ್ಮವೇ ಕೊಡುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ತಿರುಗಿಸುವ ಕೆಲಸವನ್ನೂ ಅದೇ ಮಾಡುತ್ತದೆ. ನಮ್ಮ ಪಾಲಿಗೆ ಉಳಿಯುವ ಕೆಲಸ ಕಡಿಮೆ. ಆದರೆ ಕೊಡಗಿನಂಥ ಊರಿನಲ್ಲಿ ಅದರಲ್ಲಿ ಒಂದು ತುಂಬಾ ದೊಡ್ಡದು: ಥಂಡಿ, ಅಂದರೆ ತೇವ, ತಾಗದ ಜಾಗ ಕೊಡುವುದು.

ಮೊದಲು ಕಾಲ ನೋಡಿ

ನಾನು ಮೊದಲ ಸಲ ಕೋಳಿ ಕೂರಿಸಿದ್ದು ಕಕ್ಕಡ ತಿಂಗಳಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಳೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಹೇಂಟೆಗೆ ಕಾವು ಬಂತು, ಮನೆಯಲ್ಲಿ ಮೊಟ್ಟೆ ಇತ್ತು, ಹಿಂದಿನ ಗೋಡೆಗೆ ಒತ್ತಿ ಬುಟ್ಟಿ ಇಟ್ಟು ಕೂರಿಸಿಬಿಟ್ಟೆ. ಹನ್ನೊಂದು ಮೊಟ್ಟೆಯಲ್ಲಿ ಮೂರು ಮರಿ ಬಂದವು. ವಾರ ಕಳೆಯುವಾಗ ಉಳಿದದ್ದು ಒಂದು. ಒಡೆಯದೇ ಉಳಿದ ಎಂಟು ಮೊಟ್ಟೆಗಳನ್ನು ಅತ್ತೆ ತೋಟದ ಬದಿಗೆ ತೆಗೆದುಕೊಂಡು ಹೋಗಿ ಒಂದೊಂದಾಗಿ ಒಡೆದು ತೋರಿಸಿದರು. ಐದರಲ್ಲಿ ಪೂರ್ತಿ ಬೆಳೆದ ಮರಿ ಇತ್ತು. ಗರಿ, ಕೊಕ್ಕು, ಉಗುರು ಎಲ್ಲ ಬಂದಿದ್ದವು. ಆದರೆ ಮೈಯೆಲ್ಲ ನೀರು ನೀರು, ಒಳಗೇ ಸತ್ತಿದ್ದವು. ಬುಟ್ಟಿಯ ತಳದ ಹುಲ್ಲು ಹಿಂಡಿದರೆ ಕೈ ಒದ್ದೆಯಾಗುತ್ತಿತ್ತು. ಗೋಡೆಯಿಂದ ನೀರು ಜಿನುಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅದರ ಕಾರಣ ಆಮೇಲೆ ಗೊತ್ತಾಯಿತು. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಕಾವಿನ ಅವಧಿಯಲ್ಲಿ ಆ ತೂತುಗಳಿಂದ ನೀರಿನ ಅಂಶ ಆವಿಯಾಗಿ ಮೊಟ್ಟೆಯ ತೂಕ ಶೇಕಡಾ 12ರಷ್ಟು ಇಳಿಯಬೇಕು. ಹಾಗೆ ಇಳಿದಷ್ಟೂ ದಪ್ಪ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಆ ಗಾಳಿಯಿಂದ. ಸುತ್ತಲೂ ಥಂಡಿ ಜಾಸ್ತಿ ಇದ್ದರೆ ನೀರು ಹೊರಗೆ ಹೋಗುವುದಿಲ್ಲ, ಗಾಳಿಯ ಜಾಗ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಒಳಗೇ ಮುಳುಗಿ ಸಾಯುತ್ತದೆ. ಒಣ ಊರಿನವರು ಬರೆದ ಪುಸ್ತಕಗಳಲ್ಲಿ ಮೊಟ್ಟೆಗೆ ನೀರು ಚಿಮುಕಿಸಿ ಅಂತ ಇರುತ್ತದೆ. ನಮ್ಮ ಮಳೆಗಾಲದಲ್ಲಿ ಆ ಮಾತು ಕೇಳಲೇಬೇಡಿ.

ನನ್ನ ಲೆಕ್ಕದಲ್ಲಿ ಇಲ್ಲಿ ಕೋಳಿ ಕೂರಿಸಲು ಎಲ್ಲಕ್ಕಿಂತ ಒಳ್ಳೆಯದು ಜನವರಿ ಕೊನೆ, ಫೆಬ್ರವರಿ. ಕಾಫಿ ಕಣ ಒಣಗುವ ಕಾಲವೇ ಮರಿಗೂ ಒಳ್ಳೆಯದು. ಫೆಬ್ರವರಿಯಲ್ಲಿ ಬಂದ ಮರಿಗೆ ಜೂನ್ ಮಳೆ ಹಿಡಿಯುವ ಹೊತ್ತಿಗೆ ಮೂರೂವರೆ ತಿಂಗಳಾಗಿರುತ್ತದೆ, ಮೈ ತುಂಬಾ ಗರಿ ಬಂದಿರುತ್ತದೆ. ಎರಡನೆಯದು ಕೈಲ್ ಪೋದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಕೊನೆಯಿಂದ. ಆಗ ಬಂದ ಮರಿಗಳು ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಸ್ವಲ್ಪ ಗಟ್ಟಿಯಾಗಿರುತ್ತವೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಇಷ್ಟು ಲೆಕ್ಕ ಬೇಡ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಸುತ್ತಮುತ್ತಲಿನವರಿಗೆ ಬೇಕೇ ಬೇಕು.

ಮಳೆಗಾಲದಲ್ಲೇ ಕಾವು ಬಂದರೆ? ಅಡುಗೆಮನೆ ಪಕ್ಕ, ಒಲೆಯ ಬಿಸಿ ತಾಗುವ ಒಣ ಜಾಗ ಇದ್ದರೆ ಕೂರಿಸಿ. ಇಲ್ಲದಿದ್ದರೆ ಕಾವು ಬಿಡಿಸುವುದೇ ಒಳ್ಳೆಯದು. ತಳಕ್ಕೆ ಗಾಳಿ ಆಡುವ ತಂತಿ ಬಲೆಯ ಪಂಜರದಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಇಡಿ. ಹುಲ್ಲು ಹಾಕಬೇಡಿ. ಹೊಟ್ಟೆಯ ಬಿಸಿ ಇಳಿದರೆ ಕಾವು ಬಿಡುತ್ತದೆ. ಕೆಲವರು ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ನಮ್ಮ ಚಳಿಯಲ್ಲಿ ಅದು ಕೋಳಿಗೆ ಶಿಕ್ಷೆ, ಮಾಡಬೇಡಿ.

ಹೇಂಟೆ ಯಾವುದು?

ಒಂದು ದಿನ ಗೂಡಿನಲ್ಲಿ ಕೂತ ಮಾತ್ರಕ್ಕೆ ನಂಬಬೇಡಿ. ರಾತ್ರಿ ಟಾರ್ಚ್ ಹಿಡಿದು ನೋಡಿ. ಬೇರೆ ಕೋಳಿಗಳು ಅಡ್ಡಕೋಲಿನ ಮೇಲೆ ಮಲಗಿರುವಾಗ ಇದು ಮೊಟ್ಟೆ ಜಾಗದಲ್ಲೇ ಇದ್ದರೆ ಕಾವು ನಿಜ. ಎದೆಯ ಕೆಳಗೆ ಗರಿ ಉದುರಿ ಚರ್ಮ ಬಿಸಿಯಾಗಿರುತ್ತದೆ. ದಿನಕ್ಕೆ ಒಂದೇ ಸಲ, ದೊಡ್ಡದಾಗಿ, ಮೂಗು ಮುಚ್ಚುವಷ್ಟು ವಾಸನೆಯ ಹಿಕ್ಕೆ ಹಾಕುತ್ತದೆ. ಎರಡು ಹಳೇ ಮೊಟ್ಟೆ ಇಟ್ಟು ಎರಡು ಮೂರು ದಿನ ನೋಡಿ. ಆಗಲೂ ಬಿಡದಿದ್ದರೆ ಧೈರ್ಯವಾಗಿ ಕೂರಿಸಿ.

ಮೊದಲ ಸಲ ಮಾಡುವವರು ಒಮ್ಮೆಯಾದರೂ ಮರಿ ಮಾಡಿದ ನಾಟಿ ಹೇಂಟೆ ಹುಡುಕಿ. ಎಳೆ ಹೇಂಟೆ ಹತ್ತು ದಿನ ಕೂತು ಹನ್ನೊಂದನೇ ದಿನ ಎದ್ದು ಹೋಗುವುದುಂಟು. ನೀವೂ ಹೊಸಬರು, ಅದೂ ಹೊಸದು ಅಂದರೆ ಕಷ್ಟ ಅಲ್ವಾ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿ ಮೊಟ್ಟೆಗೆ, ಮಾಂಸಕ್ಕೆ ಒಳ್ಳೆಯದು. ಆದರೆ ಕಾವಿಗೆ ಅದನ್ನು ನಂಬಿ ಕೂರುವಂತಿಲ್ಲ. ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬಹುದು, ಮರಿ ಬರುತ್ತದೆ. ತಾಯಿಯಷ್ಟೇ ಮೊಟ್ಟೆ ಇಡುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಮೊಟ್ಟೆ ಆರಿಸುವುದು

ಅಂಗಡಿಯ ಬಿಳಿ ಮೊಟ್ಟೆಯಿಂದ ಮರಿ ಬರುವುದಿಲ್ಲ. ಆ ಫಾರ್ಮ್‌ಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜ ತಿರುಗಾಡುವ ಮನೆಯ ಮೊಟ್ಟೆ ಬೇಕು. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಇದ್ದರೆ ಸಾಕು.

ಇಟ್ಟು ಏಳು ದಿನದೊಳಗಿನ ಮೊಟ್ಟೆ ಮಾತ್ರ ತೆಗೆದುಕೊಳ್ಳಿ. ದಿನ ಜಾಸ್ತಿಯಾದಷ್ಟೂ ಮರಿ ಬರುವುದು ಕಡಿಮೆಯಾಗುತ್ತದೆ. ಸೇರಿಸಿಡುವಾಗ ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ. ಫ್ರಿಜ್‌ನಲ್ಲಿ ಇಡಬೇಡಿ. ನಮ್ಮ ಊರಿನ ಮನೆಗಳಲ್ಲಿ ನೆಲಮಟ್ಟದ ಕತ್ತಲೆ ಕೋಣೆ ಸಾಕಷ್ಟು ತಂಪು, ಅಲ್ಲೇ ಇಡಿ. ತೊಳೆಯಲೇಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ, ರೋಗದ ಕ್ರಿಮಿಗಳನ್ನು ಅದೇ ತಡೆಯುವುದು. ತೊಳೆದರೆ ಅದು ಹೋಗುತ್ತದೆ. ಗಲೀಜಾದ ಮೊಟ್ಟೆ ಅಡುಗೆಗಿರಲಿ. ತೀರಾ ದೊಡ್ಡದು, ತೀರಾ ಚಿಕ್ಕದು, ಚಿಪ್ಪು ತೆಳುವಾದದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಎಲ್ಲ ಬೇಡ.

ಬೇರೆ ಮನೆಯಿಂದ ತರುವುದಾದರೆ ಭತ್ತದ ಹೊಟ್ಟಿನೊಳಗೆ ಹುದುಗಿಸಿ ತನ್ನಿ. ನಮ್ಮ ತೋಟದ ರಸ್ತೆಗಳಲ್ಲಿ ಬೈಕ್‌ನಲ್ಲಿ ತಂದ ಮೊಟ್ಟೆಗೆ ಒಳಗೆ ಏಟಾಗಿರುತ್ತದೆ. ಮನೆಗೆ ತಂದ ಮೇಲೆ ಒಂದು ರಾತ್ರಿ ಅಲುಗಾಡಿಸದೆ ಇಟ್ಟು ಆಮೇಲೆ ಕಾವಿಗೆ ಇಡಿ.

ಎಷ್ಟು ಮೊಟ್ಟೆ? ಸಾಧಾರಣ ನಾಟಿ ಹೇಂಟೆಗೆ ಹತ್ತು. ದೊಡ್ಡ ಮೈಯದ್ದಾದರೆ ಹನ್ನೆರಡು. ಚಳಿ ಜಾಸ್ತಿ ಇದ್ದರೆ ಎಂಟು ಒಂಬತ್ತಕ್ಕೆ ನಿಲ್ಲಿಸಿ. ಹೇಂಟೆ ಕೂತ ಮೇಲೆ ಬದಿಯಲ್ಲಿ ಒಂದು ಮೊಟ್ಟೆಯೂ ಇಣುಕಬಾರದು. ಇಣುಕಿದರೆ ಕೆಡುವುದು ಅದೊಂದೇ ಅಲ್ಲ. ಹೇಂಟೆ ಮೊಟ್ಟೆಗಳನ್ನು ಒಳಗೆ ಹೊರಗೆ ಮಾಡುತ್ತಾ ಇರುತ್ತದೆ. ಇವತ್ತು ಬದಿಗೆ ಬಂದದ್ದು ಒಂದು, ನಾಳೆ ಬದಿಗೆ ಬರುವುದು ಇನ್ನೊಂದು. ಹೀಗೆ ಸರದಿಯಲ್ಲಿ ಎಲ್ಲಕ್ಕೂ ಚಳಿ ತಾಗುತ್ತದೆ. ಆಸೆಗೆ ಹದಿನೈದು ಇಟ್ಟು ಐದು ಮರಿ ಪಡೆಯುವುದಕ್ಕಿಂತ ಹತ್ತು ಇಟ್ಟು ಎಂಟು ಪಡೆಯುವುದು ಮೇಲು.

ಬುಟ್ಟಿ ಮತ್ತು ಜಾಗ

ಬೇರೆ ಕೋಳಿಗಳಿಂದ ದೂರ, ಕತ್ತಲೆಯ, ಓಡಾಟ ಇಲ್ಲದ ಜಾಗ. ಸೌದೆ ಕೊಟ್ಟಿಗೆ, ಸ್ಟೋರ್ ರೂಮಿನ ಮೂಲೆ ಚೆನ್ನಾಗಿರುತ್ತದೆ. ಗೋಡೆಯಿಂದ ಒಂದು ಅಡಿ ಬಿಡಿ. ನೆಲಕ್ಕೆ ನೇರವಾಗಿ ಬುಟ್ಟಿ ಇಡಬೇಡಿ. ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಹಲಗೆ, ಹಲಗೆ ಮೇಲೆ ಬುಟ್ಟಿ.

ಬುಟ್ಟಿ ಹೇಂಟೆ ತಿರುಗಿ ಕೂರುವಷ್ಟು ಅಗಲ ಇದ್ದರೆ ಸಾಕು, ಒಂದೂಕಾಲು ಅಡಿ ಅನ್ನಿ. ತುಂಬಾ ಆಳ ಬೇಡ. ಆಳವಾದರೆ ಹೇಂಟೆ ಮೇಲಿಂದ ಮೊಟ್ಟೆ ಮೇಲೆ ಹಾರಿ ಒಡೆಯುತ್ತದೆ. ತಳಕ್ಕೆ ಗೋಣಿ. ಅದರ ಮೇಲೆ ಜರಡಿ ಹಿಡಿದ ಒಲೆ ಬೂದಿಯನ್ನು ಒಣ ಮರಳಿನ ಜೊತೆ ಕಲೆಸಿ ಎರಡು ಬೆರಳು ದಪ್ಪ ಹರಡಿ. ಬೂದಿ ಥಂಡಿ ಹೀರುತ್ತದೆ, ಹೇನನ್ನೂ ದೂರ ಇಡುತ್ತದೆ. ಮೇಲೆ ಭತ್ತದ ಹುಲ್ಲು. ಅಂಗೈ ಒತ್ತಿ ನಡುವೆ ತಟ್ಟೆಯ ಹಾಗೆ ತಗ್ಗು ಮಾಡಿ, ಮೊಟ್ಟೆಗಳು ನಡುವಿಗೆ ಉರುಳುವ ಹಾಗೆ.

ಹುಲ್ಲನ್ನು ಹಾಕುವ ಮುಂಚೆ ಮೂಗಿಗೆ ಹಿಡಿದು ನೋಡಿ. ಬೂಷ್ಟಿನ ವಾಸನೆ ಇದ್ದರೆ ಒಂದು ಎಳೆಯೂ ಬೇಡ. ಬೂಷ್ಟಿನ ಪುಡಿ ಮರಿಗಳ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಏದುಸಿರು ಬಿಟ್ಟು ಸಾಯುತ್ತವೆ. ಎರಡು ಬಿಸಿಲು ಚೆನ್ನಾಗಿ ಕಂಡ ಹುಲ್ಲೇ ಬೇಕು.

ಸುತ್ತ ಅರ್ಧ ಇಂಚಿನ ತಂತಿ ಬಲೆ ಹೊಡೆಯಿರಿ. ಹೆಗ್ಗಣ ಒಂದೇ ರಾತ್ರಿಯಲ್ಲಿ ನಾಲ್ಕು ಮೊಟ್ಟೆ ಎಳೆದುಕೊಂಡು ಹೋದದ್ದು ತೋಟದ ಕೆಲಸದವರ ಲೈನ್ ಮನೆಯ ಅಕ್ಕನ ಅನುಭವ. ನಾಗರ ಹಾವೂ ಮೊಟ್ಟೆಗೆ ಬರುತ್ತದೆ. ಬೆಳಿಗ್ಗೆ ಬುಟ್ಟಿಗೆ ಕೈ ಹಾಕುವ ಮುಂಚೆ ಯಾವಾಗಲೂ ಟಾರ್ಚ್ ಬಿಟ್ಟು ನೋಡಿ.

ಅತ್ತೆ ಬುಟ್ಟಿಯ ತಳದಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ದಿಲು ಇಡುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನಾನೂ ಇಡುತ್ತೇನೆ. ಅದರ ಜೊತೆಗೆ ಏಪ್ರಿಲ್ ತಿಂಗಳ ಗುಡುಗು ಮಳೆಗೆ ಇರಚಲು ಬಡಿಯದ ಹಾಗೆ ಒಂದು ತಾರ್ಪಾಲನ್ನೂ ಕಟ್ಟುತ್ತೇನೆ.

ಕೂರಿಸುವ ರಾತ್ರಿ

ಹೇಂಟೆಯನ್ನು ಹೊಸ ಜಾಗಕ್ಕೆ ಕತ್ತಲಾದ ಮೇಲೆಯೇ ತನ್ನಿ. ಹಗಲು ತಂದರೆ ಹಳೇ ಜಾಗಕ್ಕೆ ಓಡುತ್ತದೆ. ಮುಂಚೆ ರೆಕ್ಕೆ ಎತ್ತಿ, ಬಾಲದ ಕೆಳಗೆ ಗರಿ ಬಿಡಿಸಿ ಹೇನು ನೋಡಿ. ತಣಿದ ಒಲೆ ಬೂದಿಯನ್ನು ಗರಿಯ ಬುಡಕ್ಕೆ ಉಜ್ಜಿ. ಈ ಕೆಲಸ ತಪ್ಪಿಸಬೇಡಿ. 21 ದಿನ ಒಂದೇ ಕಡೆ ಕೂರುವ ಹೇಂಟೆ ಮಣ್ಣಿನಲ್ಲಿ ಹೊರಳಾಡಿ ಹೇನು ಕೊಡವಿಕೊಳ್ಳುವುದು ಕಡಿಮೆ. ಹೇನು ಜಾಸ್ತಿಯಾದರೆ ತಡೆಯಲಾರದೆ ಎದ್ದು ಹೋಗುತ್ತದೆ.

ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಬೇರೆ ಹೇಂಟೆ ಬಂದು ಇದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟರೆ ಗೆರೆ ಇಲ್ಲದ್ದನ್ನು ಅವತ್ತೇ ತೆಗೆಯಬಹುದು. ಎಲ್ಲ ಮೊಟ್ಟೆಯನ್ನೂ ಒಂದೇ ಹೊತ್ತಿಗೆ ಇಡಿ. ದಿನಕ್ಕೊಂದು ಸೇರಿಸಿದರೆ ಮೊದಲ ಮರಿ ಬಂದಾಗ ಹೇಂಟೆ ಎದ್ದು ಹೋಗುತ್ತದೆ, ಉಳಿದವು ಅಲ್ಲೇ ಸಾಯುತ್ತವೆ. ಕ್ಯಾಲೆಂಡರ್ ಮೇಲೆ ತಾರೀಖು ಬರೆದಿಡಿ. ಮರುದಿನವನ್ನು ಒಂದನೇ ದಿನ ಅಂತ ಎಣಿಸಿ.

ಇಪ್ಪತ್ತೊಂದು ದಿನ

ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ, ಹೇಂಟೆ ಹೊರಗೆ ಬರಬೇಕು. ಹದಿನೈದು ಇಪ್ಪತ್ತು ನಿಮಿಷ. ತಿನ್ನುತ್ತದೆ, ಕುಡಿಯುತ್ತದೆ, ಹಿಕ್ಕೆ ಹಾಕುತ್ತದೆ, ಮಣ್ಣಿನಲ್ಲಿ ಹೊರಳುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣಿದರೆ ಏನೂ ಆಗುವುದಿಲ್ಲ. ಭತ್ತ, ಜೋಳ, ರಾಗಿ ಕಾಳು ಕೊಡಿ. ತಾನಾಗಿ ಏಳದಿದ್ದರೆ ನೀವೇ ಎತ್ತಿ. ಎತ್ತುವ ಮುಂಚೆ ರೆಕ್ಕೆಯಡಿ ಕೈ ಹಾಕಿ ನೋಡಿ, ಅಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ. ವಾಪಸ್ ಬೇರೆ ಗೂಡಿಗೆ ಹೋಗಿ ಕೂತಿಲ್ಲ ತಾನೇ ಅಂತ ನೋಡಿಕೊಳ್ಳಿ. ಮೊಟ್ಟೆ ಒಡೆದರೆ ಆ ಹುಲ್ಲು ಬದಲಿಸಿ, ಉಳಿದವನ್ನು ಬಟ್ಟೆಯಿಂದ ಒರೆಸಿ.

ಏಳನೇ ದಿನ ರಾತ್ರಿ ಬೆಳಕಿಗೆ ಹಿಡಿದು ನೋಡುವುದು. ಇದು ನನಗೆ ತುಂಬಾ ಇಷ್ಟದ ಕೆಲಸ. ಲೈಟ್ ಆರಿಸಿ. ರಟ್ಟಿನ ತುಂಡಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ ಮೊಬೈಲ್ ಟಾರ್ಚ್ ಮೇಲೆ ಇಡಿ. ಆ ತೂತಿಗೆ ಮೊಟ್ಟೆಯ ದಪ್ಪ ತುದಿ ತಾಗಿಸಿ. ಇಡೀ ಮೊಟ್ಟೆ ಕೆಂಪಗೆ ಹೊಳೆಯುತ್ತದೆ. ಒಳಗೆ ಜೇಡನ ಕಾಲಿನ ಹಾಗೆ ಸಣ್ಣ ಸಣ್ಣ ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಉಸಿರು ಬಿಗಿಹಿಡಿದು ನೋಡಿದರೆ ಆ ಚುಕ್ಕೆ ಮೆಲ್ಲಗೆ ಅಲುಗುತ್ತದೆ. ಅದೇ ನಿಮ್ಮ ಮರಿ. ಏನೂ ಕಾಣದೆ ಬರೀ ಹಳದಿ ಬೆಳಕು ಕಂಡರೆ ಅದು ಗೊಡ್ಡು ಮೊಟ್ಟೆ. ರಕ್ತದ ಉಂಗುರ ಮಾತ್ರ ಕಂಡರೆ ಮರಿ ಬೆಳೆಯಲು ಶುರುವಾಗಿ ಒಳಗೇ ಸತ್ತಿದೆ. ಎರಡನ್ನೂ ತೆಗೆಯಿರಿ. ಬಿಟ್ಟರೆ ಕೊಳೆತು ಬುಟ್ಟಿಯಲ್ಲೇ ಸಿಡಿಯುತ್ತವೆ. ಅನುಮಾನ ಇದ್ದದ್ದನ್ನು ಹಾಗೇ ಬಿಟ್ಟು 14ನೇ ದಿನ ಮತ್ತೆ ನೋಡಿ. ಆಗ ಗಾಳಿಯ ಜಾಗ ಬಿಟ್ಟು ಮೊಟ್ಟೆಯ ಬಹುಪಾಲು ಕಪ್ಪಾಗಿರಬೇಕು.

18ನೇ ದಿನದಿಂದ ಮುಟ್ಟಬೇಡಿ. ಬೆಚ್ಚನೆ ನೀರಿನಲ್ಲಿ ಮೊಟ್ಟೆ ತೇಲಿಸಿ ಜೀವ ಇದೆಯಾ ನೋಡುವ ರೂಢಿ ಕೆಲವು ಕಡೆ ಇದೆ. ಚಿಪ್ಪಿನಲ್ಲಿ ಸಣ್ಣ ಬಿರುಕು ಇದ್ದರೂ ಮರಿ ನೀರು ಕುಡಿದು ಸಾಯುತ್ತದೆ. ಬೇಡವೇ ಬೇಡ.

ಮರಿ ಒಡೆಯುವ ಹೊತ್ತು

ಇಪ್ಪತ್ತನೇ ದಿನ ಸಂಜೆ ಬುಟ್ಟಿಯ ಹತ್ತಿರ ಸದ್ದು ಮಾಡದೆ ಕೂತು ಕಿವಿ ಕೊಡಿ. ಮೊಟ್ಟೆಯ ಒಳಗಿನಿಂದ 'ಪೀಂ ಪೀಂ' ಅಂತ ತೆಳುವಾದ ದನಿ. ಹೇಂಟೆ ಗಂಟಲಿನಲ್ಲೇ 'ಕೊಕ್... ಕೊಕ್...' ಅಂತ ಉತ್ತರ ಕೊಡುತ್ತದೆ. ಇಪ್ಪತ್ತು ದಿನ ಬಾಯಿ ಬಿಡದೆ ಕೂತ ಕೋಳಿ ಅವತ್ತು ಮಾತಾಡಲು ಶುರು ಮಾಡುತ್ತದೆ. ನಾನು ಮೊದಲ ಸಲ ಕೇಳಿದಾಗ ಒಲೆ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ.

ಮರಿ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ಸಣ್ಣ ತೂತು ಮಾಡುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನ. ಹೊಸಬರು ತಪ್ಪು ಮಾಡುವುದು ಇಲ್ಲೇ. ಪಾಪ ಸುಸ್ತಾಗಿದೆ ಅಂತ ಚಿಪ್ಪು ಬಿಡಿಸಲು ಹೋಗುತ್ತಾರೆ. ಆ ಹೊತ್ತಿನಲ್ಲಿ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಇನ್ನೂ ಒಣಗಿರುವುದಿಲ್ಲ. ಬಿಡಿಸಿದರೆ ರಕ್ತ ಸುರಿಯುತ್ತದೆ. ಅತ್ತೆ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅದರ ಕೆಲಸ ಅದಕ್ಕೆ ಬಿಡು, ನೀನು ಬಾಗಿಲು ಹಾಕು."

ಹೊಟ್ಟೆಯೊಳಗಿನ ಆ ಹಳದಿಯ ಬಲದಿಂದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಅವಸರ ಬೇಡ. ಮೊದಲ ಮರಿ ಬಂದು ಎರಡು ದಿನ ಕಳೆದರೂ ಒಡೆಯದ, ಒಳಗಿಂದ ಸದ್ದೂ ಇಲ್ಲದ ಮೊಟ್ಟೆಗಳನ್ನು ತೆಗೆದು ದೂರ ಹೂತು ಬಿಡಿ.

ಮರಿ ಬಂದ ಮೇಲೆ

ತಾಯಿ ಮರಿಗಳನ್ನು ಒಣ ಹೊಟ್ಟು ಹಾಸಿದ ಜಾಗಕ್ಕೆ ಬದಲಿಸಿ. ನೀರಿಗೆ ತಟ್ಟೆಯಂಥ ಪಾತ್ರೆ, ಅದರಲ್ಲಿ ಬೆಣಚುಕಲ್ಲು ತುಂಬಿ. ಕಲ್ಲಿನ ಸಂದಿಯ ನೀರು ಕುಡಿಯುತ್ತವೆ, ಮುಳುಗುವುದಿಲ್ಲ. ಅಂಗಡಿಯ ಚಿಕ್ ಸ್ಟಾರ್ಟರ್ (ಎಳೆ ಮರಿಗಳ ಆಹಾರ) ಸಿಕ್ಕರೆ ಅದೇ ಒಳ್ಳೆಯದು. ಜೊತೆಗೆ ನುಚ್ಚಕ್ಕಿ, ರಾಗಿ, ಗೆದ್ದಲು ಕೊಡಬಹುದು. ಬರೀ ನುಚ್ಚಕ್ಕಿ ಮೇಲೆ ಬೆಳೆಸಿದರೆ ಮರಿ ಸೊರಗುತ್ತವೆ.

ಲಸಿಕೆ ಹಾಕಿಸಲೇಬೇಕು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಮದ್ದಿಲ್ಲ, ಗೂಡಿಗೆ ಗೂಡೇ ಖಾಲಿಯಾಗುತ್ತದೆ. 5ರಿಂದ 7ನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರ ಇಂಜೆಕ್ಷನ್. ಮುಂದಿನದ್ದನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ. ಒಂದು ಬಾಟಲಿಯಲ್ಲಿ ನೂರಾರು ಮರಿಗೆ ಆಗುವಷ್ಟು ಇರುತ್ತದೆ, ಕಲೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ತಂದರೆ ಖರ್ಚೂ ಕಡಿಮೆ. ತರುವಾಗ ಐಸ್ ಜೊತೆ ತನ್ನಿ. ಮೂರನೇ ವಾರದ ನಂತರ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಒದ್ದೆ ಹೊಟ್ಟಿನಲ್ಲಿ ಬರುವ ರೋಗ ಅದು. ಹೊಟ್ಟು ಒದ್ದೆಯಾದ ಕಡೆ ಕೆರೆದು ಬಿಸಾಡಿ ಹೊಸದು ಹಾಕಿ.

ಮೊದಲ ಎರಡು ವಾರ ಹೊರಗೆ ಬಿಡುವಾಗ ದೊಡ್ಡ ಬಿದಿರ ಬುಟ್ಟಿಯನ್ನು ಬೋರಲು ಹಾಕಿ ಅದರೊಳಗೆ ಮರಿ ಬಿಡಿ. ಗಿಡುಗ, ಕಾಗೆ, ಕೆಂಬೂತ, ಮುಂಗುಸಿ ಎಲ್ಲಕ್ಕೂ ಮರಿ ಬೇಕು. ಕಾಫಿ ಗಿಡದ ನೆರಳು ಒಳ್ಳೆ ಮರೆಯೇ, ಆದರೆ ಮುಂಗುಸಿ ಬರುವುದೂ ಅಲ್ಲಿಂದಲೇ. ನಮ್ಮ ತೋಟಗಳಿಗೆ ಸೇರಿದ ಇನ್ನೊಂದು ಅಪಾಯ ಬೋರ್ಡೋ ಅನ್ನುವ ಸಿಂಪಡಿಸುವ ಔಷಧಿ. ಮೆಣಸಿಗೆ, ಕಾಫಿಗೆ ಹೊಡೆಯುವ ದಿನ ಡ್ರಮ್ಮಿನ ಸುತ್ತ ನೀಲಿ ನೀರು ನಿಂತಿರುತ್ತದೆ. ಮೈಲುತುತ್ತದ ಆ ನೀರು ಮರಿಗೆ ವಿಷ. ಅವತ್ತು, ಮರುದಿನ ಗೂಡಿನ ಬಾಗಿಲು ತೆಗೆಯಬೇಡಿ. ಆ ಗುಂಡಿಗೆ ಮಣ್ಣು ಮುಚ್ಚಿಸಿ.

ಆರರಿಂದ ಎಂಟು ವಾರಕ್ಕೆ ಒಂದು ದಿನ ಹೇಂಟೆ ಮರಿಗಳನ್ನು ಕುಕ್ಕಿ ದೂರ ಓಡಿಸುತ್ತದೆ. ಸಂಜೆ ಅಡ್ಡಕೋಲು ಹತ್ತಿ ಒಂದೇ ಮಲಗುತ್ತದೆ. ಮರಿಗಳು ಕೆಳಗೆ ಒಂದಕ್ಕೊಂದು ಒತ್ತಿಕೊಂಡು ಕೂಗುತ್ತವೆ. ಆ ಮೂರು ನಾಲ್ಕು ರಾತ್ರಿ ಅವಕ್ಕೆ ಒಣ ಹುಲ್ಲು ಜಾಸ್ತಿ ಹಾಕಿ, ಗಾಳಿ ಬರುವ ಕಡೆ ಗೋಣಿ ಇಳಿಬಿಡಿ. ಬಾಗಿಲು ಹಾಕುವ ಮುಂಚೆ ಎಣಿಸಿ. ಒಂದು ಕಮ್ಮಿ ಇದ್ದರೆ ಅಡ್ಡಕೋಲಿನ ಮೇಲೂ ಟಾರ್ಚ್ ಬಿಡಿ. ತಾಯಿಯ ರೆಕ್ಕೆಯಡಿ ತೂರಿಕೊಂಡು ಒಂದು ಕೂತಿರುತ್ತದೆ.